ಅಂಗೈ ಅಗಲದ ಚಿತ್ರವನ್ನು ಗೋಡೆಗೆ ಏರಿಸುವುದು ಹೇಗೆ?

ಶಾಲೆಯ ಗೋಡೆಗೋ ಮನೆಯ ಕಾಂಪೌಂಡಿಗೋ ದೊಡ್ಡ ಚಿತ್ರ ಬರೆಯೋಣ ಎಂದು ಮಾತು ಎದ್ದ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: "ಪ್ರೊಜೆಕ್ಟರ್ ಎಲ್ಲಿ ಸಿಗತೈತ್ರಿ?" ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಸಿಗುತ್ತದೆ, ನಿಜ. ಆದರೆ ಹಗಲಲ್ಲಿ ಅದರ ಬೆಳಕು ಹೊರಗಿನ ಗೋಡೆಯ ಮೇಲೆ ಕಾಣುವುದಿಲ್ಲ. ರಾತ್ರಿ ಇಡೋಣವೆಂದರೆ ಅಲ್ಲಿಯವರೆಗೆ ವೈರು ಎಳೆಯಬೇಕು. ಓಣಿ ಸಣ್ಣದಾದರೆ ಹಿಂದೆ ಸರಿಸಿ ಇಡಲು ಜಾಗ ಇಲ್ಲ. ಓರೆಯಾಗಿ ಇಟ್ಟರೆ ಗೋಡೆಯ ಮೇಲಿನ ಚಿತ್ರವೂ ಓರೆ.

ಅಳತೆ ಟೇಪು, ಹತ್ತಿಯ ದಾರ, ದಪ್ಪನೆಯ ಒಂದು ನಟ್ಟು, ಚಾಕ್ ಪುಡಿ, ಇದ್ದಿಲು, ಜೊತೆಗೆ ಇನ್ನೊಂದು ಆಳು. ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಚಿತ್ರವನ್ನು ದೊಡ್ಡದು ಮಾಡುವುದರಲ್ಲಿ ಮುಕ್ಕಾಲು ಪಾಲು ಅಳತೆಯ ಕೆಲಸ. ಕಾಗದದ ಚಿತ್ರದ ಮೇಲೂ ಗೋಡೆಯ ಮೇಲೂ ಒಂದೇ ಲೆಕ್ಕದ ಚೌಕಗಳನ್ನು ಹಾಕಿ, ಚೌಕ ನೋಡಿ ಚೌಕಕ್ಕೆ ಚಿತ್ರ ಇಳಿಸುವುದು, ಇಷ್ಟೇ ಉಪಾಯ. ಚೌಕ ಸರಿ ಬಿದ್ದರೆ ಚಿತ್ರ ಸರಿ ಬೀಳುತ್ತದೆ. ಚೌಕ ಸೊಟ್ಟ ಇದ್ದರೆ ಎಂಥ ಕಲಾವಿದ ಬಂದರೂ ಚಿತ್ರ ಸೊಟ್ಟವೇ.

ಈ ಉಪಾಯ ಹೊಸದೇನಲ್ಲ. ಈಜಿಪ್ಟಿನ ಹಳೆಯ ಸಮಾಧಿಗಳಲ್ಲಿ ಕೆಲಸ ಅರ್ಧಕ್ಕೆ ನಿಂತುಹೋದ ಗೋಡೆಗಳಿವೆ. ಕೆಂಪು ಬಣ್ಣ ಹಚ್ಚಿದ ದಾರದಿಂದ ಹೊಡೆದ ಚೌಕದ ಗೆರೆಗಳು ಅವುಗಳ ಮೇಲೆ ಇಂದಿಗೂ ಕಾಣುತ್ತವೆ. ಚಿತ್ರ ಮುಗಿದ ಗೋಡೆಗಳಲ್ಲಿ ಆ ಗೆರೆಗಳು ಬಣ್ಣದ ಕೆಳಗೆ ಮುಚ್ಚಿಹೋದವು. ಮುಗಿಯದೆ ಉಳಿದದ್ದರಿಂದಲೇ ಅವರ ಗುಟ್ಟು ನಮಗೆ ಗೊತ್ತಾಗಿದೆ.

ಮೊದಲು ಗೋಡೆ ನೋಡಿ

ಧಾರವಾಡದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಗೋಡೆಗೆ ಕೈ ಹಚ್ಚಬೇಡಿ. ಮಳೆ ನಿಂತರೂ ಗೋಡೆ ಒಳಗೆ ಹಸಿ ಇರುತ್ತದೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಒಳ್ಳೆಯದು. ಗದಗ, ಹಾವೇರಿಯ ಕಡೆ ಎರೆಮಣ್ಣಿನ ನೆಲದ ಮೇಲೆ ಕಟ್ಟಿದ ಗೋಡೆಯಾದರೆ ಬಿರುಕು ಹುಡುಕಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗಿ ಬಾಯಿ ಬಿಡುತ್ತದೆ, ಮೇಲಿನ ಗೋಡೆಯೂ ಅದರ ಜೊತೆ ಅಲುಗುತ್ತದೆ. ಬಿರುಕಿಗೆ ಪುಟ್ಟಿ ತುಂಬಿದರೂ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ತೆರೆಯಬಹುದು. ಹಾಗಾಗಿ ಮುಖ, ಕಣ್ಣು ಬಿರುಕಿನ ಮೇಲೆ ಬಾರದಂತೆ ಚಿತ್ರವನ್ನು ಅತ್ತಿತ್ತ ಸರಿಸಿಕೊಳ್ಳಿ.

ಸುಣ್ಣದ ಗೋಡೆಯಾದರೆ ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಬಣ್ಣ ನಿಲ್ಲುವುದಿಲ್ಲ. ಗಟ್ಟಿ ಬ್ರಶ್‌ನಿಂದ ತಿಕ್ಕಿ, ಒರೆಸಿ, ಪ್ರೈಮರ್ ಹೊಡೆದು, ಮೇಲೆ ಒಂದು ಕೋಟ್ ತಿಳಿ ಬಣ್ಣದ ಎಮಲ್ಷನ್ ಹಚ್ಚಿ. ಪೂರಾ ಒಣಗಿದ ಮೇಲೆಯೇ ಗೆರೆ.

ಗೋಡೆ ನಿಮ್ಮದಲ್ಲದಿದ್ದರೆ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಅಂದಗೆಡಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಬಾಯಿಮಾತಿನಲ್ಲಿ "ಬರೀರಿ, ಏನೂ ಆಗೂದಿಲ್ಲ" ಎಂದವರು ಆಮೇಲೆ ಸಿಗುವುದಿಲ್ಲ.

ಇಂಚಿಗೆ ಒಂದು ಅಡಿ

ಲೆಕ್ಕ ಸುಲಭವಾಗಿ ಇಟ್ಟುಕೊಳ್ಳಿ. ಕಾಗದದ ಮೇಲೆ 1 ಇಂಚು, ಗೋಡೆಯ ಮೇಲೆ 1 ಅಡಿ. ಅಂದರೆ 12 ಪಟ್ಟು.

ಮೊಬೈಲಿನಲ್ಲಿ ತೆಗೆದ ಫೋಟೊ ಸಾಮಾನ್ಯವಾಗಿ 4:3 ಅಳತೆಯಲ್ಲಿರುತ್ತದೆ. ಅದನ್ನು 8 ಇಂಚು ಅಗಲ, 6 ಇಂಚು ಎತ್ತರಕ್ಕೆ ಪ್ರಿಂಟ್ ತೆಗೆಸಿ. ಎ4 ಹಾಳೆಯಲ್ಲಿ ಕೂರುತ್ತದೆ. ಕಪ್ಪು ಬಿಳುಪು ಸಾಕು. ಗೆರೆ ಹುಡುಕಲು ಬಣ್ಣಕ್ಕಿಂತ ಅದೇ ಅನುಕೂಲ. ಅಂಗಡಿಯಿಂದ ಹೊರಡುವ ಮೊದಲು ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ನೋಡಿ. ಪ್ರಿಂಟರ್ ಎಷ್ಟೋ ಸಲ ಹಾಳೆಗೆ ಹೊಂದಿಸಲು ಚಿತ್ರವನ್ನು ತಾನೇ ಕುಗ್ಗಿಸುತ್ತದೆ. ಆಗ 8 ಇಂಚು ಹೋಗಿ 7.7 ಆಗಿರುತ್ತದೆ, ಲೆಕ್ಕವೆಲ್ಲ ಎಡವಟ್ಟು.

ಈಗ ಪ್ರಿಂಟಿನ ಮೇಲೆ ಇಂಚಿಗೊಂದು ಗೆರೆ ಎಳೆಯಿರಿ. ಅಡ್ಡಕ್ಕೆ 8, ಉದ್ದಕ್ಕೆ 6, ಒಟ್ಟು 48 ಚೌಕ. ಮೇಲೆ ಸಾಲಾಗಿ ಅ, ಆ, ಇ, ಈ, ಉ, ಊ, ಎ, ಏ ಎಂದು ಬರೆಯಿರಿ. ಪಕ್ಕದಲ್ಲಿ 1ರಿಂದ 6. ಪ್ರತಿ ಚೌಕಕ್ಕೂ ಒಂದು ವಿಳಾಸ ಬಂತು: 'ಇ-2', 'ಊ-5'. ಏಣಿಯ ಮೇಲಿದ್ದವರಿಗೆ ಕೆಳಗಿನಿಂದ "ಸ್ವಲ್ಪ ಆ ಕಡೆ, ಅಲ್ಲಲ್ಲ ಈ ಕಡೆ" ಎಂದು ಕೂಗುವ ಕಷ್ಟ ಇದರಿಂದ ತಪ್ಪುತ್ತದೆ.

ಗೋಡೆಯಲ್ಲಿ 6 ಅಡಿ ಎತ್ತರ ಸಿಗದೆ 4 ಅಡಿಯಷ್ಟೇ ಇದ್ದರೆ, ಇಂಚಿಗೆ 8 ಇಂಚು ಲೆಕ್ಕ ಹಿಡಿಯಿರಿ. ಚಿತ್ರ 5 ಅಡಿ 4 ಇಂಚು ಅಗಲ, 4 ಅಡಿ ಎತ್ತರಕ್ಕೆ ಬರುತ್ತದೆ. ಖಾಲಿ ಜಾಗ ಉಳಿಯುತ್ತದೆ ಎಂದು ಅಗಲವನ್ನಷ್ಟೇ ಹಿಗ್ಗಿಸಲು ಹೋಗಬೇಡಿ. ಬೇಂದ್ರೆ ಅಜ್ಜನ ಮುಖ ಯಾರದೋ ಮುಖ ಆಗಿಬಿಡುತ್ತದೆ.

ಗುಂಡು ಮತ್ತು ನೀರಿನ ಪೈಪು

ಗೋಡೆಯ ಮೇಲೆ 8 ಅಡಿ, 6 ಅಡಿಯ ಚೌಕಟ್ಟು ಹಾಕುವುದೇ ಈ ಕೆಲಸದ ಜೀವ. ಇಲ್ಲಿ ಅರ್ಧ ದಿನ ಹೋದರೂ ಹೋಗಲಿ.

ನೆಲವನ್ನು ನಂಬಬೇಡಿ. ಶಾಲೆಯ ವರಾಂಡದ ನೆಲವನ್ನು ಮಳೆನೀರು ಹರಿಯಲೆಂದು ಬೇಕೆಂದೇ ಇಳಿಜಾರಾಗಿ ಕಟ್ಟಿರುತ್ತಾರೆ. ಅದರಿಂದ ಅಳೆದು ಗೆರೆ ಹಾಕಿದರೆ ಗೆರೆಯೂ ಇಳಿಯುತ್ತದೆ. ನಮ್ಮ ಕಡೆಯ ಗೌಂಡಿಗಳ ಪದ್ಧತಿಯೇ ಸರಿ. ನೆಟ್ಟಗಿನ ಗೆರೆಗೆ ಗುಂಡು, ಮಟ್ಟದ ಗೆರೆಗೆ ನೀರು.

ದಾರದ ತುದಿಗೆ ನಟ್ಟು ಕಟ್ಟಿ ಮೇಲಿನ ಮೊಳೆಯಿಂದ ಇಳಿಬಿಡಿ. ನಟ್ಟು ಗೋಡೆಗೆ ತಾಗಬಾರದು, ಕೂದಲೆಳೆಯಷ್ಟು ದೂರ ಇರಬೇಕು. ಓಲಾಟ ಪೂರ್ತಿ ನಿಂತ ಮೇಲೆ ದಾರದ ಹಿಂದೆ ಮೇಲೊಂದು, ಕೆಳಗೊಂದು ಗುರುತು ಹಾಕಿ. ಗಾಳಿ ಇದ್ದರೆ ಈ ಕೆಲಸವನ್ನು ಬೆಳಗ್ಗೆ ಬೇಗ ಮುಗಿಸಿಕೊಳ್ಳಿ.

ಮಟ್ಟಕ್ಕೆ 12 ಅಡಿಯಷ್ಟು ಉದ್ದದ ತೆಳು ಪಾರದರ್ಶಕ ಪೈಪು ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಮಾಡಿ ಕೊಡುತ್ತಾರೆ. ನೀರು ತುಂಬಿ, ಎರಡು ತುದಿಯನ್ನೂ ಗೋಡೆಗೆ ಹಿಡಿಯಿರಿ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಎರಡು ಗುರುತು ಕೂಡಿಸಿದರೆ ಮಟ್ಟದ ಗೆರೆ ಸಿಕ್ಕಿತು. ಪೈಪಿನೊಳಗೆ ಗಾಳಿಯ ಗುಳ್ಳೆ ಇದ್ದರೆ ಮಟ್ಟ ತಪ್ಪು ತೋರಿಸುತ್ತದೆ. ಬೆರಳಿನಿಂದ ತಟ್ಟಿ ಗುಳ್ಳೆ ಹೊರಗೆ ಹಾಕಿ. ಹಿಡಿದ ತುದಿಗಳ ಮೇಲೆ ಬೆರಳು ಮುಚ್ಚಬೇಡಿ, ಮುಚ್ಚಿದರೆ ನೀರು ಸರಿಯುವುದೇ ಇಲ್ಲ.

ಚೌಕಟ್ಟಿನ ನಾಲ್ಕು ಮೂಲೆ ಸಿಕ್ಕ ಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೆಯಿರಿ. 8 ಅಡಿ, 6 ಅಡಿಯ ಚೌಕಟ್ಟಿಗೆ ಕರ್ಣ ಸರಿಯಾಗಿ 10 ಅಡಿ ಬರಬೇಕು. ಎರಡೂ ಕರ್ಣ. ಈ ಅಳತೆ ಆರಿಸಿದ್ದಕ್ಕೆ ಇದೂ ಒಂದು ಕಾರಣ, ತಪ್ಪಾಗಿದ್ದರೆ ಟೇಪು ತಕ್ಷಣ ಹೇಳಿಬಿಡುತ್ತದೆ. ಒಂದು ಕರ್ಣ 10 ಅಡಿ 1 ಇಂಚು, ಇನ್ನೊಂದು 9 ಅಡಿ 11 ಇಂಚು ಬಂದರೆ ಚೌಕಟ್ಟು ಒಂದು ಕಡೆ ವಾಲಿದೆ ಎಂದರ್ಥ. ಮುಂದೆ ಹೋಗಬೇಡಿ, ಮೂಲೆ ತಿದ್ದಿ.

ಒಂದು ಕಡೆ ಮಾತ್ರ ನೀರಿನ ಮಾತು ಮೀರಬಹುದು. ಚಿತ್ರದ ಮೇಲೆಯೇ ಗೇಣಿನಷ್ಟು ದೂರದಲ್ಲಿ ಬೀಮೋ ಸಜ್ಜಾವೋ ಇದ್ದು, ಅದೇ ಸ್ವಲ್ಪ ವಾಲಿದ್ದರೆ, ನಿಮ್ಮ ಸರಿಯಾದ ಚಿತ್ರವೇ ಜನರ ಕಣ್ಣಿಗೆ ಸೊಟ್ಟ ಕಾಣುತ್ತದೆ. ಅಂಥಲ್ಲಿ ಚೌಕಟ್ಟಿನ ಮೇಲಿನ ಗೆರೆಯನ್ನು ಬೀಮಿಗೆ ಸಮವಾಗಿ ಇಟ್ಟು, ಉಳಿದ ಗೆರೆಗಳನ್ನು ಅದಕ್ಕೆ ಹೊಂದಿಸಿ. ಕರ್ಣಗಳು ಆಗಲೂ 10 ಅಡಿಯೇ ಇರಬೇಕು.

ದಾರ ಹೊಡೆಯುವುದು

ಅಂಚಿನ ಗುರುತು ಹಾಕುವಾಗ ಟೇಪನ್ನು ಒಂದೇ ಸಲ ಪೂರ್ತಿ ಎಳೆದು ಹಿಡಿದು 1, 2, 3, 4 ಅಡಿ ಎಂದು 8ರ ತನಕ ಗುರುತು ಮಾಡಿ. ಒಂದು ಅಡಿಯ ಸ್ಕೇಲ್ ಹಿಡಿದು ಒಂದರ ಪಕ್ಕ ಒಂದು ಅಳೆಯುತ್ತ ಹೋದರೆ, ಸಲಕ್ಕೆ 2 ಮಿಲಿಮೀಟರ್ ತಪ್ಪಿದರೂ ಎಂಟನೇ ಚೌಕಕ್ಕೆ 16 ಮಿಲಿಮೀಟರ್ ಆಗುತ್ತದೆ. ಮೇಲಿನ ಅಂಚಿನಲ್ಲೂ ಕೆಳಗಿನ ಅಂಚಿನಲ್ಲೂ ಗುರುತು ಹಾಕಿ, ನಡುವೆ ದಾರ ಹೊಡೆಯಿರಿ.

ಹತ್ತಿಯ ದಾರವೇ ಇರಲಿ. ನೈಲಾನ್ ದಾರಕ್ಕೆ ಪುಡಿ ಹಿಡಿಯುವುದಿಲ್ಲ. ದಾರಕ್ಕೆ ಚಾಕ್ ಪುಡಿ ಸವರಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿಯಬೇಕು. ಒಬ್ಬರು ಇನ್ನೊಂದು ಕೈಯಿಂದ ದಾರವನ್ನು ಗೋಡೆಯಿಂದ ನೇರ ಹೊರಕ್ಕೆ ಎಳೆದು ಫಟ್ ಎಂದು ಬಿಡಬೇಕು. ಮೇಲಕ್ಕೋ ಪಕ್ಕಕ್ಕೋ ಎಳೆದು ಬಿಟ್ಟರೆ ಗೆರೆ ಬಿಲ್ಲಾಗುತ್ತದೆ. 8 ಅಡಿಯ ದಾರ ನಡುವೆ ಜೋತು ಬೀಳುತ್ತಿದ್ದರೆ ಮಧ್ಯದ ಗುರುತಿನ ಮೇಲೆ ಹೆಬ್ಬೆರಳು ಒತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಡೆಯಿರಿ. ನೆಟ್ಟಗೆ 9 ಗೆರೆ, ಅಡ್ಡ 7 ಗೆರೆ. ಮುಗಿಯಿತು.

ಬಿಳಿ ಗೋಡೆಯ ಮೇಲೆ ಬಿಳಿ ಚಾಕ್ ಕಾಣುವುದಿಲ್ಲ ಅಲ್ವಾ? ಚಾಕ್ ಪುಡಿಗೆ ಒಂದು ಚಿಟಿಕೆ ಕೆಮ್ಮಣ್ಣು ಬೆರೆಸಿ. ಜಾಸ್ತಿ ಬೇಡ. ಬಟ್ಟೆಗೆ ಹಾಕುವ ನೀಲಿ ಬೇಡವೇ ಬೇಡ, ಅದು ನೀರಿನ ಬಣ್ಣದ ಜೊತೆ ಕಲೆತು ಹಳದಿಯನ್ನು ಹಸಿರು ಮಾಡುತ್ತದೆ. ಸ್ಕೆಚ್ ಪೆನ್ನು, ಬಾಲ್ ಪೆನ್ನು ಕೂಡ ದೂರ ಇಡಿ. ಎರಡು ಕೋಟ್ ಹೊಡೆದರೂ ಅವುಗಳ ಶಾಯಿ ಮೇಲೆದ್ದು ಬರುತ್ತದೆ.

ಮೊದಲ ಸಲಕ್ಕೆ ಕಸೂತಿ

ಮೊದಲ ಗೋಡೆಗೇ ಮನುಷ್ಯರ ಮುಖ ಎತ್ತಿಕೊಳ್ಳಬೇಡಿ. ನಮ್ಮ ಧಾರವಾಡದ ಕಸೂತಿ ಇರುವಾಗ ಬೇರೆ ಯಾಕೆ ಬೇಕು?

ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಅಂದರೆ ಚೌಕ ಅದರೊಳಗೇ ಇದೆ. ಗವಂತಿ ಹೊಲಿಗೆಯಲ್ಲಿ ಗೆರೆ ಅಡ್ಡ, ಉದ್ದ, ಇಲ್ಲವೇ ಓರೆ. ಬಾಗು ಇಲ್ಲ. ಮುರ್ಗಿ ಹೊಲಿಗೆ ಮೆಟ್ಟಿಲಾಗಿ ಏರುತ್ತದೆ, ಮೆಂತ್ಯೆ ಹೊಲಿಗೆ ಅಂದರೆ ಕತ್ತರಿ ಗುರುತು. ನೇಗಿ ಹೊಲಿಗೆಯನ್ನು ಮಾತ್ರ ಗೋಡೆಗೆ ತರಬೇಡಿ, ನೇಯ್ದಂತೆ ಒತ್ತೊತ್ತಾಗಿ ಬರುವ ಅದರ ಎಳೆಗಳನ್ನು ಬ್ರಶ್ಶಿನಲ್ಲಿ ತರುವುದು ಸುಮ್ನೆ ತಲೆನೋವು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ಮನೆಯಲ್ಲಿರುವ ಇಳಕಲ್ ಸೀರೆಯ ಮೇಲೆಯೇ ಒಂದಲ್ಲ ಒಂದು ಸಿಕ್ಕೀತು. ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಎಳೆ ಎಣಿಸಿ ಗ್ರಾಫ್ ಹಾಳೆಗೆ ಇಳಿಸಿಕೊಳ್ಳಿ.

ಗ್ರಾಫ್ ಹಾಳೆಯಲ್ಲಿ ಗೋಪುರ 30 ಮನೆ (ಸಣ್ಣ ಚೌಕ) ಅಗಲ, 36 ಮನೆ ಎತ್ತರ ಬಂತು ಎಂದುಕೊಳ್ಳಿ. ಮನೆಗೆ 2 ಇಂಚು ಹಿಡಿದರೆ ಗೋಡೆಯ ಮೇಲೆ 5 ಅಡಿ ಅಗಲ, 6 ಅಡಿ ಎತ್ತರ. 2 ಇಂಚಿಗೊಂದು ದಾರ ಹೊಡೆಯುತ್ತ ಕೂರಬೇಕಿಲ್ಲ. ಅಡಿಗೊಂದು ಗೆರೆ ಹೊಡೆಯಿರಿ. ರಟ್ಟಿನ ಪಟ್ಟಿಯ ಮೇಲೆ 2 ಇಂಚಿಗೊಂದು ಗುರುತು ಹಾಕಿಟ್ಟುಕೊಂಡು, ಚೌಕದೊಳಗೆ ಅದನ್ನೇ ಇಟ್ಟು ಚುಕ್ಕಿ ಹಾಕುತ್ತ ಹೋಗಿ. ಚುಕ್ಕಿಯಿಂದ ಚುಕ್ಕಿಗೆ ಗೆರೆ. ರಂಗೋಲಿ ಬರುವವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಶಾಲೆಯ ಗೋಡೆಯಾದರೆ ಏಳನೇ ಇಯತ್ತೆಯ ಮಕ್ಕಳು ಇಷ್ಟನ್ನು ಆರಾಮಾಗಿ ಮಾಡುತ್ತಾರೆ, ಭಿನ್ನರಾಶಿಯೂ ಅನುಪಾತವೂ ಜೊತೆಗೇ ತಲೆಗೆ ಹತ್ತುತ್ತವೆ.

ಬಾಗು ಬಂದಾಗ

ಈಗ ಧಾರವಾಡಿ ಎಮ್ಮೆ ತೆಗೆದುಕೊಳ್ಳೋಣ. ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು ಅದರ ಗುರುತು. ಕೊಂಬು ತಪ್ಪಿದರೆ ಅದು ಯಾವುದೋ ಊರಿನ ಎಮ್ಮೆ.

ಕೊಂಬನ್ನು ಒಂದೇ ಎಳೆತಕ್ಕೆ ಬರೆಯಲು ಹೋಗಬೇಡಿ. ಮೊದಲು ಅದು ಚೌಕದ ಗೆರೆಗಳನ್ನು ಎಲ್ಲೆಲ್ಲಿ ದಾಟುತ್ತದೆ ಎಂದಷ್ಟೇ ನೋಡಿ. ಪ್ರಿಂಟಿನಲ್ಲಿ 'ಇ-2' ಚೌಕದ ಎಡಗೆರೆಯನ್ನು ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ದಾಟುತ್ತದೆಯೇ? ಗೋಡೆಯ ಚೌಕ 12 ಇಂಚು, ಮೂರನೇ ಒಂದು ಎಂದರೆ 4 ಇಂಚು. ಅಲ್ಲೊಂದು ಚುಕ್ಕಿ. ಬಲಗೆರೆಯನ್ನು ಸರಿ ಅರ್ಧಕ್ಕೆ ದಾಟಿದರೆ 6 ಇಂಚಿಗೆ ಇನ್ನೊಂದು. ಹೀಗೆ ದಾಟುವ ಜಾಗಗಳಿಗೆಲ್ಲ ಚುಕ್ಕಿ ಬಿದ್ದ ಮೇಲೆ ಕೂಡಿಸಿ. ಚೌಕದೊಳಗೆ ಬಾಗು ಎಷ್ಟು ಉಬ್ಬುತ್ತದೆ ಎಂಬ ಅನುಮಾನ ಬಂದರೆ, ಪ್ರಿಂಟಿನಲ್ಲೂ ಗೋಡೆಯಲ್ಲೂ ಆ ಒಂದು ಚೌಕಕ್ಕೆ ಮಾತ್ರ ಕರ್ಣ ಎಳೆಯಿರಿ. ಬಾಗು ಕರ್ಣದ ಮೇಲಿದೆಯೋ ಕೆಳಗಿದೆಯೋ ಎನ್ನುವುದು ಸ್ಪಷ್ಟವಾಗುತ್ತದೆ.

ಎಮ್ಮೆಯನ್ನು ನೋಡುವಷ್ಟೇ ಗಮನವಿಟ್ಟು ಎಮ್ಮೆ ಇಲ್ಲದ ಜಾಗವನ್ನೂ ನೋಡಿ. ಕೊಂಬಿಗೂ ಕುತ್ತಿಗೆಗೂ ನಡುವಿನ ಖಾಲಿ ಆಕಾರ ಪ್ರಿಂಟಿನಲ್ಲಿ ಇದ್ದಂತೆಯೇ ಗೋಡೆಯಲ್ಲೂ ಬಂದಿದ್ದರೆ ಕೊಂಬು ಸರಿ ಬಂದಿದೆ. ಕೊಂಬು ಹೇಗಿರಬೇಕು ಎಂಬ ಕಲ್ಪನೆ ನಮ್ಮ ತಲೆಯಲ್ಲಿ ಮೊದಲೇ ಕೂತಿರುತ್ತದೆ, ಕೈ ಅದನ್ನೇ ಬರೆಯುತ್ತದೆ. ಖಾಲಿ ಜಾಗದ ಬಗ್ಗೆ ಅಂಥ ಕಲ್ಪನೆ ಇರುವುದಿಲ್ಲ.

ಮುಖಕ್ಕೆ ಚೌಕ ಸಣ್ಣದು ಬೇಕು. 12 ಪಟ್ಟು ದೊಡ್ಡದು ಮಾಡುವಾಗ ಪ್ರಿಂಟಿನಲ್ಲಿ 1 ಮಿಲಿಮೀಟರ್ ತಪ್ಪು ಓದಿದರೆ ಗೋಡೆಯಲ್ಲಿ 12 ಮಿಲಿಮೀಟರ್. ಎಮ್ಮೆಯ ಹೊಟ್ಟೆಗೆ ಅದು ಲೆಕ್ಕಕ್ಕಿಲ್ಲ. ಗಂಗೂಬಾಯಿ ಹಾನಗಲ್ ಅವರ ಕಣ್ಣಿಗೆ ತುಂಬ ಜಾಸ್ತಿ. ಹುಬ್ಬಳ್ಳಿಯಲ್ಲಿ ಆ ಮುಖ ಗೊತ್ತಿಲ್ಲದವರು ಯಾರಿದ್ದಾರೆ? ಮುಖದ ಭಾಗದ ಚೌಕಗಳನ್ನು ಮಾತ್ರ ನಾಲ್ಕಾಗಿ ಸೀಳಿ. ಕಾಗದದ ಮೇಲೆ ಅರ್ಧ ಇಂಚು, ಗೋಡೆಯ ಮೇಲೆ 6 ಇಂಚು. ಕಣ್ಣು, ಮೂಗಿನ ತುದಿ, ತುಟಿಯ ಅಂಚುಗಳಿಗೆ ಟೇಪು ಹಿಡಿದು ಚುಕ್ಕಿ ಹಾಕಿ, ಅಂದಾಜು ಬೇಡ.

ಇದ್ದಿಲಿನ ತುಂಡನ್ನು ಎರಡು ಅಡಿ ಕೋಲಿನ ತುದಿಗೆ ಕಟ್ಟಿ ಬರೆದರೆ ಉದ್ದನೆಯ ಬಾಗು ಚೆನ್ನಾಗಿ ಬರುತ್ತದೆ. ಮಣಿಕಟ್ಟಿನ ಬದಲು ಇಡೀ ತೋಳು ಆಡುತ್ತದೆ, ಗೋಡೆಯಿಂದ ಸ್ವಲ್ಪ ದೂರ ನಿಂತಿರುವುದರಿಂದ ಅಕ್ಕಪಕ್ಕದ ಚೌಕಗಳೂ ಕಾಣುತ್ತವೆ. ಬಲಗೈಯವರು ಎಡಮೂಲೆಯಿಂದ, ಮೇಲಿನಿಂದ ಶುರು ಮಾಡಿ. ಇಲ್ಲದಿದ್ದರೆ ಬರೆದದ್ದನ್ನು ನಿಮ್ಮ ತೋಳೇ ಅಳಿಸುತ್ತದೆ.

ಆಗಾಗ ಇಳಿದು, ರಸ್ತೆಯ ಆ ಬದಿಗೆ ಹೋಗಿ ನೋಡಿ. ಗೋಡೆಯ ಫೋಟೊ ತೆಗೆದು, ಮೊಬೈಲಿನಲ್ಲಿ ಮೂಲ ಚಿತ್ರದ ಪಕ್ಕ ಇಟ್ಟರೆ ಹತ್ತಿರದಿಂದ ಕಾಣದ ತಪ್ಪು ಅಲ್ಲಿ ಕಾಣುತ್ತದೆ. ಎರಡನ್ನೂ ತಲೆಕೆಳಗು ಮಾಡಿ ನೋಡಿದರೆ ಇನ್ನೂ ಬೇಗ.

ಚೌಕ ಹೊಂದದ ಕಡೆ

ಕಲ್ಲಿನ ಗೋಡೆ, ಉಬ್ಬುತಗ್ಗಿನ ಗೋಡೆಯ ಮೇಲೆ ದಾರದ ಗೆರೆ ಕೂರುವುದಿಲ್ಲ. ಅಲ್ಲಿ ಗೋಡೆ ತುಂಬ ಸಿಕ್ಕಾಪಟ್ಟೆ ಗೀಚಿ: ಅ, 7, ಕತ್ತರಿ ಗುರುತು, ಸುರುಳಿ, ಏನಾದರೂ. ಒಂದರಂತೆ ಒಂದು ಇರಬಾರದು ಅಷ್ಟೇ. ಗೋಡೆಯ ಎದುರು ಸರಿ ನಡುವೆ ನಿಂತು ಫೋಟೊ ತೆಗೆಯಿರಿ. ಯಾವುದಾದರೂ ಉಚಿತ ಫೋಟೊ ಆ್ಯಪ್‌ನಲ್ಲಿ ಅದರ ಮೇಲೆ ನಿಮ್ಮ ಚಿತ್ರವನ್ನು ತಿಳಿಯಾಗಿ ಹೊದಿಸಿ. ಕಿವಿ ಸುರುಳಿಯ ಮೇಲೆ, ಗದ್ದ 7ರ ಪಕ್ಕ ಎಂದು ನೋಡಿಕೊಂಡು ಗೋಡೆಗೆ ಬರೆಯಬಹುದು. ತೀರ ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ಫೋಟೊ ತೆಗೆದರೆ ಅಂಚು ಬಾಗುತ್ತದೆ, ದೂರ ಸರಿದು ತೆಗೆಯಿರಿ.

ಅಕ್ಷರಗಳಿಗೆ, ಒಂದೇ ಹೂವು ಸಾಲಾಗಿ ಬರುವ ಅಂಚಿಗೆ ತೂತಿನ ಹಾಳೆ ಒಳ್ಳೆಯದು. ದೊಡ್ಡ ಕಾಗದದ ಮೇಲೆ ಬರೆದುಕೊಂಡು ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ. ಗೋಡೆಗೆ ಟೇಪಿನಿಂದ ಅಂಟಿಸಿ, ತೆಳು ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೆಲ್ಲಗೆ ತಟ್ಟಿ. ಹಾಳೆ ತೆಗೆದರೆ ಚುಕ್ಕಿಗಳ ಸಾಲು. ಬ್ಲೌಸಿಗೆ ಆರಿ ಕೆಲಸ ಮಾಡುವವರು ಡಿಸೈನ್ ಇಳಿಸುವುದೂ ಇದೇ ರೀತಿ, ಹತ್ತಿರದಲ್ಲಿ ಯಾರಾದರೂ ಇದ್ದರೆ ಹೋಗಿ ನೋಡಿ. ಪೂರ್ತಿ ಚಿತ್ರವನ್ನೇ ಎ4 ಹಾಳೆಗಳಲ್ಲಿ ತುಂಡು ತುಂಡಾಗಿ ಪ್ರಿಂಟ್ ತೆಗೆದು ಜೋಡಿಸಬಹುದು. ಆದರೆ 8 ಅಡಿ, 6 ಅಡಿಗೆ 80ಕ್ಕೂ ಹೆಚ್ಚು ಹಾಳೆ ಬೇಕು, ಜೋಡಿಸುವಾಗ ಸಾಲು ಸರಿಯುತ್ತದೆ. ಮೂರಡಿಯೊಳಗಿನ ಚಿತ್ರಕ್ಕೆ ಮಾತ್ರ ಅದು ಸರಿ.

ಮೊಬೈಲ್ ಟಾರ್ಚಿನ ನೆರಳಿನಿಂದಲೂ ಚಿತ್ರ ಬಿಡಿಸಬಹುದು. ಪಾರದರ್ಶಕ ಹಾಳೆಯ ಮೇಲೆ ಮಾರ್ಕರ್‌ನಿಂದ ಗೆರೆ ಬರೆದು, ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಹಿಂದೆ ಟಾರ್ಚ್ ಇಡಬೇಕು. ಟಾರ್ಚಿನಿಂದ ಹಾಳೆ 1 ಅಡಿ, ಗೋಡೆ 8 ಅಡಿ ಇದ್ದರೆ ನೆರಳು 8 ಪಟ್ಟು. ಟಾರ್ಚಿನ ದೀಪ 3 ಮಿಲಿಮೀಟರ್ ಅಗಲ ಇದ್ದರೂ ನೆರಳಿನ ಅಂಚು ಸುಮಾರು 2 ಸೆಂಟಿಮೀಟರ್ ಮಸುಕಾಗುತ್ತದೆ. ಮರ, ಗುಡ್ಡ, ಎಮ್ಮೆಯ ಮೈಗೆ ನಡೆಯುತ್ತದೆ. ಮುಖಕ್ಕೆ ಇಲ್ಲ. ರಟ್ಟಿನ ಡಬ್ಬಿಗೆ ಭೂತಗನ್ನಡಿ ಸಿಕ್ಕಿಸಿ ಮೊಬೈಲನ್ನೇ ಪ್ರೊಜೆಕ್ಟರ್ ಮಾಡುವ ವಿಡಿಯೊಗಳನ್ನು ನೋಡಿರುತ್ತೀರಿ. ಪರದೆಯ ಬೆಳಕು ಅಷ್ಟು ದೂರಕ್ಕೆ ಸಾಲುವುದಿಲ್ಲ. ಸಮಯ ಹಾಳು.

ಬಣ್ಣಕ್ಕೆ ಮುಂಚೆ

ಇದ್ದಿಲ ಗೆರೆಯ ಮೇಲೆ ನೇರ ಬಣ್ಣ ಬಳಿಯಬೇಡಿ, ಕಪ್ಪು ಬೆರೆತು ಎಲ್ಲ ಮಂಕಾಗುತ್ತದೆ. ಚಿತ್ರ ಸರಿ ಅನ್ನಿಸಿದ ಮೇಲೆ, ನೀರು ಜಾಸ್ತಿ ಹಾಕಿ ತೆಳು ಮಾಡಿದ ಕಂದು ಎಮಲ್ಷನ್‌ನಿಂದ ಸಣ್ಣ ಬ್ರಶ್‌ನಲ್ಲಿ ಗೆರೆಗಳನ್ನು ತಿದ್ದಿ. ಒಣಗಿದ ಮೇಲೆ ಒಣಬಟ್ಟೆಯಿಂದ ಇದ್ದಿಲು, ಚಾಕ್ ಎರಡನ್ನೂ ಒರೆಸಿ, ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ. ಚೌಕ ಹೋಗಿ ಚಿತ್ರದ ಗೆರೆ ಮಾತ್ರ ಉಳಿಯುತ್ತದೆ.

ಚೌಕಟ್ಟಿನ ನಾಲ್ಕು ಮೂಲೆಗೆ ಸಣ್ಣ ಮೊಳೆ ಬಡಿದು ಹಾಗೇ ಬಿಡಿ. ಬಣ್ಣ ಹಚ್ಚುವಾಗ ಯಾವುದಾದರೂ ಗೆರೆ ಮುಚ್ಚಿಹೋದರೆ, ಮೊಳೆಯಿಂದ ಮೊಳೆಗೆ ದಾರ ಕಟ್ಟಿ ಆ ಚೌಕವನ್ನು ಮತ್ತೆ ಹುಡುಕಬಹುದು. ವಿಳಾಸ ಬರೆದ ಪ್ರಿಂಟನ್ನು ಎಸೆಯಬೇಡಿ. ಎರಡು ಮಳೆಗಾಲ ಕಳೆದ ಮೇಲೆ 'ಊ-5'ರಲ್ಲಿ ಪ್ಲಾಸ್ಟರ್ ಉದುರಿದರೆ, ಆ ಒಂದು ಚೌಕವನ್ನಷ್ಟೇ ಮತ್ತೆ ಬರೆದರೆ ಆಯಿತು.